ಬಿತ್ತನೆ ಗೆಡ್ಡೆಗೆ ವಯಸ್ಸಾಗುವುದಿಲ್ಲ

ಮೇ ತಿಂಗಳಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಹಾಸನದ ಎಪಿಎಂಸಿ ಅಂಗಳ ಬಿತ್ತನೆ ಆಲೂಗೆಡ್ಡೆಯ ಮೂಟೆಗಳಿಂದ ತುಂಬುತ್ತದೆ. ಬಹುಪಾಲು ಜಲಂಧರ್ ಕಡೆಯದು. 2,000 ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಬಂದ ಗೆಡ್ಡೆ. ನಮ್ಮ ಹೊಲದಲ್ಲೇ ಆಲೂಗೆಡ್ಡೆ ಬೆಳೆಯುವಾಗ ಬೀಜ ಯಾಕೆ ಅಲ್ಲಿಂದ ಬರಬೇಕು? ಅರಕಲಗೂಡು ಕಡೆ ಬೇಸಾಯ ಮಾಡುವ ನಮ್ಮ ದೊಡ್ಡಪ್ಪನನ್ನು ಕೇಳಿದ್ದೆ. "ಮನೆ ಬೀಜಕ್ಕೆ ಕಸುವಿರಲ್ಲ ಕಣಪ್ಪ. ಎರಡು ಬೆಳೆ ತೆಗೆದ ಮೇಲೆ ಅದಕ್ಕೂ ವಯಸ್ಸಾಯ್ತದೆ" ಎಂದರು.

ದೊಡ್ಡಪ್ಪ ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಆದರೆ ಅವರ ಮಾತು ನನಗೆ ಬೇಸರ ತರಲಿಲ್ಲ. ಬೇಸರ ತಂದದ್ದು ಅದೇ ಊರಿನ ಇನ್ನೊಂದು ಮಾತು. ಎಲೆ ಮುದುಡಿಕೊಂಡ ಗಿಡಗಳನ್ನು ತೋರಿಸಿ, ಮುಟ್ಟಾದ ಹೆಂಗಸು ಹೊಲಕ್ಕೆ ಕಾಲಿಟ್ಟಿದ್ದಾಳೆ ಎಂದು ಹಿರಿಯರೊಬ್ಬರು ಎಲ್ಲರೆದುರೇ ಹೇಳಿದರು. ಕಳೆ ತೆಗೆಯಲು ಬಂದಿದ್ದ ಹೆಣ್ಣುಮಕ್ಕಳು ತಲೆ ತಗ್ಗಿಸಿ ನಿಂತಿದ್ದರು. ಗಿಡದ ರಸ ಹೀರುವ ಒಂದು ಪುಟ್ಟ ಹೇನು ಮಾಡಿದ ಕೆಲಸಕ್ಕೆ ಅವರು ತಲೆ ತಗ್ಗಿಸಬೇಕಾಗಿ ಬಂದದ್ದನ್ನು ನಾನು ಇನ್ನೂ ಮರೆತಿಲ್ಲ.

ವಯಸ್ಸಿನ ವಾದ ನಮ್ಮೂರಿನದಷ್ಟೇ ಅಲ್ಲ. ಹದಿನೆಂಟನೇ ಶತಮಾನದಿಂದಲೂ ಯುರೋಪಿನ ರೈತರು ಹೀಗೇ ಅಂದುಕೊಂಡಿದ್ದರು. ಹೂವು, ಕಾಯಿ, ಬೀಜ ಎಂಬ ದಾರಿ ಬಿಟ್ಟು ಗೆಡ್ಡೆಯಿಂದಲೇ ವಂಶ ಬೆಳೆಸಿದರೆ ಗಿಡ ಮುಪ್ಪಾಗುತ್ತದೆ ಎಂದು ಪಂಡಿತರೂ ನಂಬಿದ್ದರು. 1916ರಲ್ಲಿ ಡಚ್ ವಿಜ್ಞಾನಿ ಕ್ವಾನ್‌ಯರ್, ಎಲೆ ಸುರುಳಿಯಾದ ಗಿಡದ ಕಸಿ ಕಟ್ಟಿದರೆ ಆರೋಗ್ಯವಾಗಿದ್ದ ಗಿಡಕ್ಕೂ ರೋಗ ಬರುತ್ತದೆಂದು ತೋರಿಸಿದರು. ಮುಪ್ಪು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವಲ್ಲ! 1920ರ ಹೊತ್ತಿಗೆ ಅದನ್ನು ದಾಟಿಸುವುದು ಗಿಡಹೇನು ಎಂಬುದೂ ಗೊತ್ತಾಯಿತು.

ಗೆಡ್ಡೆ ಎಂದರೆ ಹೊಸ ಮಗುವಲ್ಲ, ತಾಯಿಗಿಡದ್ದೇ ತುಂಡು. ಈ ರೋಗದ ಮೂಲ ಒಂದು ವೈರಸ್. ಗಿಡದ ಸಾರನಾಳದಲ್ಲಿ ಹರಿದ ಅದು ಗೆಡ್ಡೆಯಲ್ಲೂ ಕೂರುತ್ತದೆ, ಮುಂದಿನ ವರ್ಷ ಮೊಳಕೆಯ ಜೊತೆಗೇ ಏಳುತ್ತದೆ. ಎಲೆ ಸುರುಳಿ ವೈರಸ್ ಈ ನಾಳವನ್ನೇ ಕೆಡಿಸುವುದರಿಂದ ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯದೆ ಅಲ್ಲೇ ಪಿಷ್ಟವಾಗಿ ಕಟ್ಟಿಕೊಳ್ಳುತ್ತದೆ. ಅಂಥ ಎಲೆಯನ್ನು ಹಿಡಿದು ಹಿಚುಕಿ ನೋಡಿ, ಹಪ್ಪಳ ಮುರಿದ ಹಾಗೆ ಸದ್ದಾಗುತ್ತದೆ. ಗೆಡ್ಡೆಗೆ ಸೇರಬೇಕಿದ್ದ ಊಟ ಅದು.

ನನಗೆ ಇದಕ್ಕಿಂತ ಬೆರಗು ಹುಟ್ಟಿಸಿದ್ದು ಇನ್ನೊಂದು, ಆಲೂಗೆಡ್ಡೆಯ ವೈ ವೈರಸ್. ಇದಕ್ಕೆ ತಂಬಾಕು, ಟೊಮೆಟೊ, ಮೆಣಸಿನ ಗಿಡವೂ ಆಗುತ್ತದೆ. ಆಲೂಗೆಡ್ಡೆಯ ಬದುವಿನಾಚೆ ತಂಬಾಕು ಹಾಕುವ ಅರಕಲಗೂಡು ಸೀಮೆಯವರು ಇದನ್ನು ತಿಳಿದಿರಬೇಕು. ಇಡೀ ವೈರಸ್ಸಿನ ಬಂಡವಾಳ ಸುಮಾರು 9,700 ಅಕ್ಷರಗಳಲ್ಲಿ ತಳಿಸೂಚನೆ ಬರೆದ ಒಂದು ಆರ್‌ಎನ್‌ಎ ಎಳೆ. ಅದರಿಂದ ಹುಟ್ಟುವ ಪ್ರೋಟೀನುಗಳು ಹತ್ತರ ಆಸುಪಾಸು. ಮನೆಯಲ್ಲಿ ಜನ ಕಡಿಮೆಯಿದ್ದರೆ ಒಬ್ಬರೇ ಎರಡಾಳಿನ ಕೆಲಸ ಮಾಡಬೇಕು. ಹಾಗೆ ದುಡಿಯುವ ಪ್ರೋಟೀನಿಗೆ ಎಚ್‌ಸಿ-ಪ್ರೊ ಎಂದು ಹೆಸರು.

ಮೊದಲ ಕೆಲಸ ಸವಾರಿ ಹತ್ತಿಸುವುದು. ಗಿಡಹೇನಿನ ಬಾಯಿ ಕೂದಲಿಗಿಂತ ತೆಳುವಾದ ಸೂಜಿ. ವೈರಸ್ ತಾನಾಗಿ ಅದಕ್ಕೆ ಅಂಟಲಾರದು. ಎಚ್‌ಸಿ-ಪ್ರೊ ಒಂದು ತುದಿಯಲ್ಲಿ ವೈರಸ್ಸನ್ನೂ ಇನ್ನೊಂದು ತುದಿಯಲ್ಲಿ ಸೂಜಿಯನ್ನೂ ಹಿಡಿಯುತ್ತದೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಹಾಕುವ ಪಿನ್ನು ನೆನೆಸಿಕೊಳ್ಳಿ: ಪಿನ್ನಿಲ್ಲದಿದ್ದರೆ ಎರಡೂ ಚೆನ್ನಾಗಿದ್ದರೂ ಕಬ್ಬು ಕಾರ್ಖಾನೆ ಸೇರದು. ಬದುವಿನಲ್ಲಿ ನಡೆದವರ ಪಂಚೆಗೆ ಉತ್ತರಾಣಿ ಕಚ್ಚಿಕೊಂಡು ಮುಂದಿನ ಹೊಲಕ್ಕೆ ಹೋಗುತ್ತದಲ್ಲ, ಹಾಗೆಂದರೂ ಸರಿ. ಹತ್ತಲು ಒಂದು ನಿಮಿಷವೂ ಬೇಕಿಲ್ಲ, ಪಕ್ಕದ ಗಿಡಕ್ಕೆ ಇಳಿಯಲೂ ಅಷ್ಟೇ. ಔಷಧಿ ಹೊಡೆದ ಗಿಡದ ಮೇಲೆ ಕುಳಿತ ಹೇನು ಸಾಯುವ ಹೊತ್ತಿಗೆ ವೈರಸ್ ಇಳಿದಾಗಿರುತ್ತದೆ. ಎಲೆ ಸುರುಳಿ ವೈರಸ್ ಹಾಗಲ್ಲ. ಅದು ಹೇನಿನ ಕರುಳು ದಾಟಿ ಜೊಲ್ಲಿನ ಗ್ರಂಥಿಗೆ ಸೇರಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಅಲ್ಲಿ ಔಷಧಿಗೆ ಅಷ್ಟಿಷ್ಟು ಅವಕಾಶವಿದೆ.

ಎರಡನೇ ಕೆಲಸ ಗಿಡದ ಕಾವಲನ್ನು ಕೆಡಿಸುವುದು. ವೈರಸ್ಸಿನ ಆರ್‌ಎನ್‌ಎ ಒಳಗೆ ಬಂದರೆ ಗಿಡ ಅದನ್ನು ಪುಟ್ಟ ಪುಟ್ಟ ತುಂಡು ಮಾಡುತ್ತದೆ. ಆಮೇಲೆ ಆ ತುಂಡುಗಳನ್ನೇ ಗುರುತಿಗೆ ಇಟ್ಟುಕೊಂಡು, ಅವಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಕಂಡರೂ ಕತ್ತರಿಸುತ್ತದೆ. ಈ ಪುಟ್ಟ ತುಂಡುಗಳು ಕಣ್ಣಿಗೆ ಬಿದ್ದದ್ದು 1999ರಲ್ಲಿ, ಇಂಗ್ಲೆಂಡಿನಲ್ಲಿ ಹ್ಯಾಮಿಲ್ಟನ್ ಮತ್ತು ಬಾಲ್ಕೋಂಬ್ ಅವರಿಗೆ. ಕಳ್ಳನ ಫೋಟೊವನ್ನು ಪ್ರತಿ ಠಾಣೆಗೂ ಕಳಿಸಿದಂತೆ ಇದು. ಎಚ್‌ಸಿ-ಪ್ರೊ ಆ ಫೋಟೊಗಳನ್ನೇ ಬಾಚಿ ಹಿಡಿದುಬಿಡುತ್ತದೆ! ಪೊಲೀಸರಿದ್ದಾರೆ, ಲಾಠಿಯಿದೆ, ಹಿಡಿಯಬೇಕಾದ್ದು ಯಾರನ್ನೆಂದು ಮಾತ್ರ ಗೊತ್ತಿಲ್ಲ. ಪಿನ್ನೂ ಅದೇ, ಫೋಟೊ ಕದಿಯುವ ಕೈಯೂ ಅದೇ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಜಲಂಧರಿಗೆ ಬರೋಣ. ಅಲ್ಲಿನ ಮಣ್ಣಿನಲ್ಲಿ ವಿಶೇಷವೇನಿಲ್ಲ, ಅಲ್ಲಿನ ಚಳಿಗಾಲದಲ್ಲಿ ಹೇನು ಕಡಿಮೆ. ಒಂದು ಕಾಲಕ್ಕೆ ಬೀಜದ ಗೆಡ್ಡೆ ಹಿಮಾಲಯದ ಬೆಟ್ಟಗಳಲ್ಲೇ ಬೆಳೆಯಬೇಕಿತ್ತು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ಪುಷ್ಕರನಾಥ್ ಅವರು ಬಯಲು ಸೀಮೆಯಲ್ಲೂ ಅಕ್ಟೋಬರಿನಿಂದ ಡಿಸೆಂಬರಿನ ತನಕ ಒಂದು ಕಿಂಡಿ ತೆರೆದಿರುತ್ತದೆ ಎಂದು ಕಂಡುಕೊಂಡರು. 100 ಎಲೆಗೆ 20 ಹೇನು ಮುಟ್ಟುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಟ್ಟರೆ, ಎಲೆಗೆ ಬಂದ ವೈರಸ್ ಗೆಡ್ಡೆಗಿಳಿಯಲು ದಾರಿಯೇ ಇರುವುದಿಲ್ಲ. ನಾವು ಮುಂಗಾರಿನಲ್ಲಿ ಬೆಳೆಯುವವರು, ನಮಗೆ ಆ ಕಿಂಡಿಯಿಲ್ಲ. (ಆಲೂಗೆಡ್ಡೆಯ ಅಂಗಮಾರಿ ರೋಗ ಬೇರೆ ಸಂಗತಿ. ಅದು ವೈರಸ್ ಅಲ್ಲ, ಎರಡನ್ನೂ ಒಂದೇ ಔಷಧಿಯಲ್ಲಿ ಮುಗಿಸಲು ಹೋಗಬೇಡಿ.)

ಇನ್ನೊಂದು ದಾರಿಯಿದೆ. ವೈರಸ್ ಹೊಕ್ಕ ಗಿಡದಲ್ಲೂ ಚಿಗುರಿನ ತುತ್ತತುದಿ ಸಾಮಾನ್ಯವಾಗಿ ಶುದ್ಧವಾಗಿರುತ್ತದೆ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಆ ತುದಿಯನ್ನಷ್ಟೇ ಕತ್ತರಿಸಿ ಡೇಲಿಯಾ ಗಿಡವನ್ನು ರೋಗದಿಂದ ಬಿಡಿಸಿದರು, ಕೆಲವೇ ವರ್ಷಗಳಲ್ಲಿ ಆಲೂಗೆಡ್ಡೆಯನ್ನೂ. ಇವತ್ತು ಇಂಥ ತುದಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಗಿಡದ ಕುಡಿಗಳಿಗೆ ಬೇರು ಬರಿಸಿ, ಟೊಮೆಟೊ ಸಸಿಯ ಹಾಗೆ ಟ್ರೇಯಲ್ಲಿ ಬೆಳೆಸಿ, ಹಾಸನದ ರೈತರಿಗೂ ಕೊಡುತ್ತಿದ್ದಾರೆ.

ದೊಡ್ಡಪ್ಪ ಹೋದ ವರ್ಷ ಅಂಥ 200 ಸಸಿ ತಂದರು. ತಂಬಾಕಿನಿಂದ ದೂರ, ಮನೆ ಹಿತ್ತಿಲಲ್ಲಿ ಮಡಿ ಮಾಡಿ ನೆಟ್ಟರು. ಕಾವಲು ದೊಡ್ಡಮ್ಮನದು. ವಾರಕ್ಕೊಮ್ಮೆ ಎಲೆ ತಿರುವಿ ಹೇನು ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಸಂಖ್ಯೆ ಬರೆಯುತ್ತಾರೆ.