ಪಕ್ಕದ ತಟ್ಟೆಗೆ ಕೈ ಚಾಚಿದಾಗ

"ಅವರೇ ಕೇಳಿದ್ರು ಡಾಕ್ಟ್ರೇ, ಅದಕ್ಕೇ ಕೊಟ್ಟೆ." ಹಿರಿಯರ ಆರೈಕೆ ಕೇಂದ್ರಗಳಲ್ಲಿ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಬದುಕಿಡೀ ಮಾಂಸ ಮುಟ್ಟದವರು ಮರೆವಿನ ಕಾಯಿಲೆ ಬಂದ ಮೇಲೆ ಪಕ್ಕದವರ ತಟ್ಟೆಗೆ ಕೈ ಚಾಚುತ್ತಾರೆ. ಕೊಟ್ಟವರದ್ದು ಕೆಟ್ಟ ಮನಸ್ಸೇನಲ್ಲ. ಕೇಳಿದವರಿಗೆ ಇಲ್ಲ ಅನ್ನೋದು ಕಷ್ಟ, ಅಲ್ವಾ?

ಆದರೆ ಆ ಕೈ ಕೇಳುತ್ತಿರುವುದು ಮಾಂಸವನ್ನೇ? ಅದು ಮಾಂಸ ಅಂತ ಅವರಿಗೆ ಗೊತ್ತಾಗದೇ ಇರಬಹುದು. ಬಿಸಿ ಊಟದ ವಾಸನೆ ಬರುತ್ತಿದೆ, ಪಕ್ಕದವರು ತಿನ್ನುತ್ತಿದ್ದಾರೆ, ತನ್ನ ತಟ್ಟೆ ಇನ್ನೂ ಬಂದಿಲ್ಲ. ಅಷ್ಟೇ ಇದ್ದೀತು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ (ಮಿದುಳಿನ ಮುಂಭಾಗ, ಪಕ್ಕದ ಭಾಗಗಳನ್ನು ಕಾಡುವ ಒಂದು ಬಗೆಯ ಮರೆವಿನ ಕಾಯಿಲೆ) ಇದ್ದವರಲ್ಲಂತೂ ಎಷ್ಟೋ ಸಲ ರುಚಿಯೇ ಬದಲಾಗುತ್ತದೆ. ಸಿಹಿಯ ಆಸೆ ಜಾಸ್ತಿಯಾಗುತ್ತದೆ, ಕೆಲವರು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದನ್ನು ಕಾಯಿಲೆಯ ಲಕ್ಷಣ ಅನ್ನಬೇಕೇ ಹೊರತು, ಮನಸ್ಸು ಬದಲಾಯಿಸಿದರು ಅನ್ನಬಾರದು.

ನಾನು ಹೇಳುವುದು ಇಷ್ಟೇ: ಅವರಿಗೆ ಮೊದಲು ಬಡಿಸಿ. ನೋಡಲು ಅದೇ ಥರ ಇರುವ ಸಸ್ಯಾಹಾರ ಕೊಡಿ. ಕೂರುವ ಜಾಗ ಬದಲಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ದಿನವೂ ಹಟ ಮಾಡಿ ಸಂಕಟಪಡುತ್ತಿದ್ದರೆ ಮಾತ್ರ ಅವರನ್ನು ಬಲ್ಲವರ ಜೊತೆ ಕೂತು ಮಾತಾಡಬೇಕು. ಅಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಈಗಿನ ಸಂಕಟವೂ ಲೆಕ್ಕಕ್ಕಿದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 12ನೇ ವಿಧಿ ವ್ಯಕ್ತಿಯ ಇಚ್ಛೆ, ಒಲವುಗಳನ್ನು ಗೌರವಿಸಿ ಅನ್ನುತ್ತದೆ. ನಮಗೆ ಯಾವುದು ಒಳ್ಳೆಯದು ಅನಿಸುತ್ತದೆ ಅನ್ನುವುದಕ್ಕಿಂತ, ಅವರು ಏನು ಬಯಸುತ್ತಿದ್ದರು ಅನ್ನುವುದು ಮುಖ್ಯ.

ಅದು ಗೊತ್ತಾಗಬೇಕಾದರೆ ಫೈಲಿನಲ್ಲಿ ಸುಮ್ನೆ 'ಸಸ್ಯಾಹಾರಿ' ಅಂತ ಬರೆದರೆ ಸಾಲದು. ಮೊಟ್ಟೆ, ಹಾಲು ನಡೆಯುತ್ತದಾ? ಬಿಟ್ಟಿದ್ದು ಕೊಲೆಸ್ಟ್ರಾಲ್ ಭಯಕ್ಕೋ, ದೇವರಿಗೋ, ಪ್ರಾಣಿಗಳ ಮೇಲಿನ ಕರುಣೆಗೋ? ಕಾರಣ ಬರೆದಿದ್ದರೆ ಮುಂದೆ ತೀರ್ಮಾನ ಮಾಡುವವರಿಗೆ ದಾರಿ ಸಿಗುತ್ತದೆ. ಮಾತು ಸ್ಪಷ್ಟವಾಗಿರುವಾಗಲೇ ಅವರನ್ನೇ ಕೇಳಿ ಬರೆದಿಡಿ.

ಊಟದ ತಟ್ಟೆ ಕಣ್ಣಿಗೆ ಕಾಣುತ್ತದೆ, ಔಷಧ ಕಾಣುವುದಿಲ್ಲ. ಕ್ಯಾಪ್ಸೂಲ್‌ನ ಹೊರಕವಚದ ಜೆಲಾಟಿನ್ ಹೆಚ್ಚಾಗಿ ದನ ಇಲ್ಲವೇ ಹಂದಿಯದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ಬರುತ್ತದೆ. ಟ್ಯೂಬ್ ಮೂಲಕ ಕೊಡುವ ಆಹಾರದಲ್ಲಿ ಹಾಲಿನ ಪ್ರೋಟೀನ್ ಇರುವುದೇ ಜಾಸ್ತಿ. ಹಾಲು, ಮೊಟ್ಟೆಯನ್ನೂ ಮುಟ್ಟದ ವೀಗನ್ ಆದವರಿಗೆ ಇದೂ ಒಗ್ಗದು. ಬದಲಿ ಇದೆಯಾ ಅಂತ ಫಾರ್ಮಸಿಸ್ಟ್‌ರನ್ನು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಹಾಗೆಯೇ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಪೂರಕ ಮಾತ್ರೆ ಇಲ್ಲದ ವೀಗನ್‌ಗಳಲ್ಲಿ ಅದರ ಕೊರತೆಯಾಗುತ್ತದೆ, ಕೊರತೆಯಿಂದಲೂ ಮರೆವು, ಗೊಂದಲ ಬರುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ತಮ್ಮ ಊಟದ ಬಗ್ಗೆ ತಾವೇ ಹೇಳುವಷ್ಟು ಚೇತರಿಸಿಕೊಳ್ಳುವವರೂ ಇದ್ದಾರೆ.