ಭಾರ ಹಿಂದೆ ಹಾಕಿದರೆ ಕಾರಿಗೆ ಸುಖವೇ?

ಕಾರಿಗೆ ಟ್ರೈಲರ್ ಸಿಕ್ಕಿಸಿ ಅಡಿಕೆ ಹೇರುವಾಗ ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದವರ ಬಾಯಲ್ಲಿ ಒಂದು ಮಾತು ತಪ್ಪುವುದಿಲ್ಲ: “ಗೋಣಿ ಸ್ವಲ್ಪ ಹಿಂದಕ್ಕೇ ಇರಲಿ ಅಣ್ಣಾ, ಭಾರ ಕಾರಿನ ಮೇಲೆ ಬೀಳುವುದು ಬೇಡ.” ಕಾರಿನ ಮೇಲಿನ ಪ್ರೀತಿ ಒಳ್ಳೆಯದೇ. ಆದರೆ ಆ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿಯುವುದೂ ಈ ಪ್ರೀತಿಯಿಂದಲೇ.

ಈ ಲೆಕ್ಕ ಎತ್ತಿನ ಗಾಡಿಯ ಕಾಲದ್ದು. ಹೆಗಲು ನೋಯದಂತೆ ಮುಂಭಾರ ಹಿಂಭಾರ ಸರಿದೂಗಿಸುತ್ತಿದ್ದರು. ಗಂಟೆಗೆ 4 ಕಿ.ಮೀ. ನಡೆಯುವ ಎತ್ತಿಗೆ ಅದು ಸರಿ. ಕಾರಿಗೆ ಅಲ್ಲ.

ಟ್ರೈಲರ್ ಕಾರಿಗೆ ಸೇರುವುದು ಕಾರಿನ ಹಿಂಬದಿಯ ಒಂದೇ ಒಂದು ಬಾಲಿನಲ್ಲಿ, ಅಂದರೆ ಲೋಹದ ಗುಂಡಿನಲ್ಲಿ, ಸಾಮಾನ್ಯವಾಗಿ 50 ಮಿ.ಮೀ.ನದ್ದು. ಅದರ ಸುತ್ತ ಟ್ರೈಲರ್ ಎಡಕ್ಕೂ ಬಲಕ್ಕೂ ತಿರುಗಲೇಬೇಕು, ಇಲ್ಲವಾದರೆ ತಿರುವು ದಾಟುವುದಾದರೂ ಹೇಗೆ? ಸಾಕಷ್ಟು ಮುಂಭಾರ ಇದ್ದರೆ ಸಣ್ಣ ಓಲಾಟ ತಾನಾಗಿ ಅಡಗುತ್ತದೆ. ಹಿಂಭಾರವಾದರೆ ಪ್ರತಿ ಓಲಾಟ ಮುಂದಿನದನ್ನು ದೊಡ್ಡದು ಮಾಡುತ್ತದೆ. ವೇಗ ಏರಿದಷ್ಟೂ ಅಡಗುವ ಗುಣ ಕಡಿಮೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ 40ರಲ್ಲಿ ಸುಮ್ಮನಿದ್ದ ಟ್ರೈಲರ್, ಆರು ಪಥದ ಹೆದ್ದಾರಿಗೆ ಬಂದು 80 ಮುಟ್ಟಿದಾಗ ಓವರ್‌ಟೇಕ್ ಮಾಡಿದ ಬಸ್ಸಿನ ಗಾಳಿಗೇ ಬಾಲ ಬೀಸತೊಡಗಬಹುದು. “ಇಷ್ಟು ದಿನ ಏನೂ ಆಗಿರಲಿಲ್ಲ” ಎನ್ನುವವರು ಇಷ್ಟು ದಿನ ಎಷ್ಟು ವೇಗದಲ್ಲಿ ಹೋಗಿದ್ದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಲಿ.

ಹಾಗಾದರೆ ಬಾಲಿನ ಮೇಲೆ ಎಷ್ಟು ಭಾರ ಬೇಕು? ಇಂಥ ಸಣ್ಣ ಟ್ರೈಲರಿಗೆ ಸರಕು ಸೇರಿದ ಒಟ್ಟು ತೂಕದ ಶೇ. 10ರ ಆಸುಪಾಸು. ಕಾರಿನ ಕೈಪಿಡಿಯೋ ಹಿಚ್ (ಬಾಲನ್ನು ಕಾರಿಗೆ ಹಿಡಿದಿಡುವ ಚೌಕಟ್ಟು) ಮೇಲಿನ ತಗಡೋ ಕಡಿಮೆ ಮಿತಿ ಹೇಳಿದ್ದರೆ ಅದೇ ಕೊನೆಯ ಮಾತು. ಆಗ ಸರಕು ಕಡಿಮೆ ಮಾಡಿ.

ಲೆಕ್ಕ ನೋಡಿ. ಖಾಲಿ ಟ್ರೈಲರ್ 180 ಕಿಲೋ, ಬಾಲಿನಿಂದ ಎಕ್ಸೆಲಿಗೆ 2 ಮೀಟರ್, ಖಾಲಿ ಇರುವಾಗ ಬಾಲಿನ ಮೇಲೆ 20 ಕಿಲೋ ಎಂದಿಟ್ಟುಕೊಳ್ಳಿ. 50 ಕಿಲೋದ ಆರು ಗೋಣಿ ಹೇರಿದರೆ ಒಟ್ಟು 480. ಗೋಣಿಗಳ ನಡುಭಾರ ಎಕ್ಸೆಲಿಗಿಂತ 20 ಸೆಂ.ಮೀ. ಮುಂದಿದ್ದರೆ ಬಾಲಿಗೆ ಇನ್ನೂ 30 ಕಿಲೋ ಸೇರಿ 50 ಆಗುತ್ತದೆ. ಚೆನ್ನ. ಅದೇ ಗೋಣಿಗಳು 20 ಸೆಂ.ಮೀ. ಹಿಂದಿದ್ದರೆ? 20ರಿಂದ 30 ಕಳೆಯಿರಿ: ಟ್ರೈಲರ್ 10 ಕಿಲೋ ಬಲದಿಂದ ಕಾರಿನ ಹಿಂಬದಿಯನ್ನು ಮೇಲಕ್ಕೆತ್ತುತ್ತಿದೆ, ಹಿಂದಿನ ಟಯರಿನ ಹಿಡಿತವೂ ಸಡಿಲ. ಎರಡಕ್ಕೂ ನಡುವಿನ ಅಂತರ ಒಂದು ಮೊಳವೂ ಇಲ್ಲ. ಕಣ್ಣಳತೆ ಇಲ್ಲಿ ನಡೆಯದು.

ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರ ಸಾಕು. ಸಮತಟ್ಟಾದ ಅಂಗಳದಲ್ಲಿ ಟ್ರೈಲರಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಕಾರಿನಿಂದ ಬಿಡಿಸಿ, ಬಾಲಿನ ಮೇಲೆ ಕೂರುವ ಟ್ರೈಲರಿನ ಮೂತಿಯ, ಅಂದರೆ ಕಪ್ಲಿಂಗಿನ ಅಡಿಯಲ್ಲಿ ಯಂತ್ರವಿಟ್ಟು, ಅದರ ಮೇಲೆ ಮರದ ತುಂಡು ನಿಲ್ಲಿಸಿ. ಕಪ್ಲಿಂಗ್ ಬಾಲಿನ ಎತ್ತರದಲ್ಲೇ ಕೂರಬೇಕು. ಬಂದ ಅಂಕಿಯಿಂದ ಮರದ ತೂಕ ಕಳೆಯಿರಿ. ಹೆಚ್ಚು ಕಡಿಮೆ ಕಂಡರೆ ಗೋಣಿ ಸರಿಸಿ ಮತ್ತೆ ನೋಡಿ. ಇಷ್ಟು ಓದಿದ ಮೇಲೆ ಎಲ್ಲ ಗೋಣಿಯನ್ನೂ ಮೂತಿಗೆ ಒಟ್ಟುವವರೂ ಇದ್ದಾರೆ! ಅದೂ ಬೇಡ. ಆಗ ಕಾರಿನ ಮುಂಭಾಗ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ, ಮುಂದಿನ ಚಕ್ರ ಎಳೆಯುವ ಕಾರು ಮಳೆಗಾಲದ ಚಡವಿನಲ್ಲಿ ಜಾರುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಓಲಾಟ ಶುರುವಾದರೆ ಆ್ಯಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಅಷ್ಟೇ. ಎಡಬಲ ತಿರುಗಿಸಿ ಸರಿಮಾಡಲು ಹೋಗಬೇಡಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ, ಸ್ವಂತ ಬ್ರೇಕಿಲ್ಲದ ಟ್ರೈಲರ್ ಹಿಂದಿನಿಂದ ನೂಕಿ ಕಾರನ್ನೇ ಅಡ್ಡ ತಿರುಗಿಸುತ್ತದೆ. ಇಳಿಜಾರಿನಲ್ಲಿ ಮೊದಲೇ ಸಣ್ಣ ಗೇರಿಗೆ ಬರಬೇಕಾದ್ದೂ ಇದಕ್ಕೇ. ನಿಂತ ಮೇಲೆ ಗೋಣಿ ಸರಿಸಿಯೇ ಹೊರಡಿ. “ಇನ್ನು ನಿಧಾನ ಹೋಗುತ್ತೇನೆ” ಎಂಬುದು ಪರಿಹಾರವಲ್ಲ.

ಉಳಿದದ್ದು ನಿಮಗೆ ಗೊತ್ತಿರುವಂಥದ್ದೇ: ಸುರಕ್ಷತಾ ಚೈನುಗಳನ್ನು ಕಪ್ಲಿಂಗಿನ ಅಡಿಯಲ್ಲಿ ಅಡ್ಡಹಾಯಿಸಿ, ಇಂಡಿಕೇಟರ್ ನೋಡಿ, 10–15 ಕಿ.ಮೀ. ಆದಮೇಲೆ ನಿಲ್ಲಿಸಿ ಟ್ರೈಲರ್ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿಯಿರಿ. ಸುಡುವಂತಿದ್ದರೆ ಬೇರಿಂಗಿನಲ್ಲಿ ತೊಂದರೆ ಇದೆ. ಕೆಟ್ಟ ಕಾರನ್ನು ಎಳೆಯಲು ಕೊಟ್ಟಿರುವ ಕೊಕ್ಕೆಗೆ ಟ್ರೈಲರ್ ಕಟ್ಟಬೇಡಿ. ಎಳೆಯುವ ತೂಕದ ಮಿತಿಯನ್ನೇ ಹೇಳದ ಕಾರಿಗೆ ಹಿಚ್ ಹಾಕಿಸುವುದೂ ಬೇಡ. ನಮ್ಮ ಕಾನೂನಿನಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ, ನೋಂದಣಿ ಮತ್ತು ವಿಮೆಯ ವಿಷಯವನ್ನು ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಕೊನೆಗೆ, ದಾರಿಯಲ್ಲಿ ಅರ್ಧ ಸರಕು ಇಳಿಸುವವರಿಗೆ. ಪೆರ್ಲದಲ್ಲಿ ಮೂರು ಗೋಣಿ ಕೊಟ್ಟು, ಉಳಿದ ಮೂರನ್ನು ಇದ್ದಲ್ಲೇ ಬಿಟ್ಟು ಹೊರಟರೆ, ಇಳಿದವು ಮುಂದಿನವಾಗಿದ್ದಲ್ಲಿ ಮನೆಯಲ್ಲಿ ಅಳೆದ ಲೆಕ್ಕವೆಲ್ಲ ಕೆಟ್ಟಿತು. ಇಳಿಸುವುದು ಹಿಂದಿನಿಂದ. ಕಾರಿನಿಂದ ಬಿಡಿಸಿದ ಟ್ರೈಲರಿನಿಂದ ಮುಂದಿನ ಗೋಣಿಗಳನ್ನು ಮೊದಲು ತೆಗೆದರಂತೂ ಮೂತಿ ಒಮ್ಮೆಲೇ ಮೇಲೆದ್ದು, ಬಗ್ಗಿ ನಿಂತವರ ಗದ್ದಕ್ಕೆ ಬಡಿಯುತ್ತದೆ.