ಮರಳಿ ಬರುವ ಬೂಸ್ಟರ್, ಮರಳಿ ಬಾರದ ಉಪಗ್ರಹ

ಒಮ್ಮೆ ಹಾರಿ ನೆಲಕ್ಕಿಳಿದ ರಾಕೆಟ್ ಬೂಸ್ಟರಿನ ಮೈಮೇಲೆ ಮಸಿ ಒಂದೇ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಬೂಸ್ಟರನ್ನೇ, ಅಂದರೆ ಅದರ ಮೊದಲ ಹಂತವನ್ನೇ ನೋಡಿದರೆ, ಸೀಮೆಎಣ್ಣೆಯ ಟ್ಯಾಂಕ್ ಇರುವ ಕೆಳಭಾಗ ಕಪ್ಪಾಗಿದ್ದು, ಅತಿಶೀತಲ ದ್ರವ ಆಮ್ಲಜನಕ ತುಂಬಿದ್ದ ಮೇಲ್ಭಾಗ ಹೆಚ್ಚುಕಡಿಮೆ ಬೆಳ್ಳಗೇ ಉಳಿದಿರುತ್ತದೆ. ಟ್ಯಾಂಕಿನ ಹೊರಮೈಗೆ ಕಟ್ಟಿದ ಹಿಮದ ಪದರ ಅಲ್ಲಿ ಮಸಿ ಅಂಟದಂತೆ ತಡೆದಿರುತ್ತದೆ. ಉಪಗ್ರಹಗಳ ಯಾಂತ್ರಿಕ ಪರೀಕ್ಷೆ ಮತ್ತು ಉಡಾವಣಾ ಸಿದ್ಧತೆಯಲ್ಲಿ ಹಲವು ವರ್ಷ ಕೆಲಸ ಮಾಡಿರುವ ನನ್ನನ್ನು ಉಪಗ್ರಹದ ಒಡೆಯರು ಇಂತಹ ಚಿತ್ರ ತೋರಿಸಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇಷ್ಟು ಬಾರಿ ಹಾರಿದ್ದರ ಮೇಲೆ ನಮ್ಮ ಉಪಗ್ರಹ ಕೂರಿಸುವುದು ಸುರಕ್ಷಿತವೇ, ಸರ್?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಚಿಂತಿಸಬೇಕಾದದ್ದು ಆ ಕಪ್ಪಾದ ಭಾಗದ ಬಗ್ಗೆ ಅಲ್ಲ, ಅದರ ಮೇಲೆ ಕೂರುವ ಹೊಚ್ಚ ಹೊಸ ಭಾಗಗಳ ಬಗ್ಗೆ ಎಂಬುದು ನನ್ನ ಅನುಭವದಿಂದ ಮೂಡಿದ ಅಭಿಪ್ರಾಯ.

ಬೂಸ್ಟರ್ ಹೇಗೆ ಮರಳುತ್ತದೆ ಎಂಬುದನ್ನು ಮೊದಲು ನೋಡೋಣ. ಮೇಲೆದ್ದ ಸುಮಾರು ಎರಡೂವರೆ ನಿಮಿಷಕ್ಕೆ ಒಂಬತ್ತು ಎಂಜಿನ್‌ಗಳೂ ಆರಿ, ಮೊದಲ ಹಂತ ಕಳಚಿಕೊಳ್ಳುತ್ತದೆ. ಎರಡನೆಯ ಹಂತ ಉಪಗ್ರಹವನ್ನು ಹೊತ್ತು ಮುಂದೆ ಸಾಗಿದರೆ, ಬೂಸ್ಟರ್ ಸಣ್ಣ ಅನಿಲ ಚಿಮ್ಮುಕಗಳ ನೆರವಿನಿಂದ ತಿರುಗಿ ಬುಡವನ್ನು ಮುಂದೆ ಮಾಡಿಕೊಳ್ಳುತ್ತದೆ. ದಟ್ಟ ವಾತಾವರಣ ಎದುರಾಗುವ ಮುನ್ನ ಮೂರು ಎಂಜಿನ್‌ಗಳನ್ನು ಮತ್ತೆ ಉರಿಸಿ ವೇಗ ತಗ್ಗಿಸುತ್ತದೆ. ಅನಂತರ ಜಾಲರಿಯಂತಹ ನಾಲ್ಕು ಟೈಟೇನಿಯಂ ರೆಕ್ಕೆಗಳು ಗಾಳಿಯಲ್ಲಿ ಅದರ ದಿಕ್ಕನ್ನು ತಿದ್ದುತ್ತವೆ. ಕಡೆಯ ಹಂತವೇ ಎಲ್ಲಕ್ಕಿಂತ ಕಠಿಣ. ಬರಿದಾದ ಬೂಸ್ಟರ್ ಎಷ್ಟು ಹಗುರವೆಂದರೆ, ಒಂದೇ ಎಂಜಿನನ್ನು ಅದರ ಕನಿಷ್ಠ ಬಲದಲ್ಲಿ ಉರಿಸಿದರೂ ಆ ನೂಕುಬಲ ಬೂಸ್ಟರಿನ ತೂಕವನ್ನು ಮೀರುತ್ತದೆ. ಆದ್ದರಿಂದ ಅದು ಹೆಲಿಕಾಪ್ಟರಿನಂತೆ ಗಾಳಿಯಲ್ಲಿ ನಿಂತು, ಜಾಗ ನೋಡಿಕೊಂಡು ಇಳಿಯಲಾರದು. ವೇಗ ಸೊನ್ನೆಯಾಗುವ ಕ್ಷಣಕ್ಕೇ ಕಾಲುಗಳು ನೆಲ ಮುಟ್ಟಬೇಕು. ಎಂಜಿನ್ ಬೇಗ ಹೊತ್ತಿಕೊಂಡರೆ ಬೂಸ್ಟರ್ ಮತ್ತೆ ಮೇಲಕ್ಕೆ ಏಳುತ್ತದೆ, ತಡವಾದರೆ ನೆಲಕ್ಕೆ ಅಪ್ಪಳಿಸುತ್ತದೆ. 2018ರ ಫೆಬ್ರವರಿ 6ರಂದು ಮೂರು ಬೂಸ್ಟರ್‌ಗಳನ್ನು ಜೋಡಿಸಿದ ಫಾಲ್ಕನ್ ಹೆವಿ ರಾಕೆಟ್ಟಿನ ನಡುವಿನ ಬೂಸ್ಟರ್ ಕಳೆದುಹೋದದ್ದಕ್ಕೆ ಕಾರಣ, ಎಂಜಿನ್‌ಗಳಿಗೆ ಮತ್ತೆ ಕಿಡಿ ಹಚ್ಚುವ ದ್ರವ ಸಾಕಾಗದೆ ಹೋದದ್ದು. ಇಳಿಯುವಾಗ ಉರಿಯಬೇಕಿದ್ದ ಮೂರರಲ್ಲಿ ಎರಡು ಎಂಜಿನ್ ಹೊತ್ತಿಕೊಳ್ಳಲಿಲ್ಲ, ಬೂಸ್ಟರ್ ಸಮುದ್ರದ ಪಾಲಾಯಿತು.

ಈ ಮರುಪ್ರಯಾಣಕ್ಕೆ ಬೇಕಾದ ಇಂಧನ, ಕಾಲುಗಳು, ರೆಕ್ಕೆಗಳು ಇವೆಲ್ಲವೂ ಉಪಗ್ರಹಕ್ಕೆ ಸಿಗಬೇಕಾದ ಸಾಮರ್ಥ್ಯದಿಂದಲೇ ಕಡಿತವಾಗುತ್ತವೆ. ಬೂಸ್ಟರನ್ನು ಬಿಟ್ಟುಕೊಡುವುದಾದರೆ ಫಾಲ್ಕನ್ 9 ಭೂಸ್ಥಿರ ವರ್ಗಾವಣೆ ಕಕ್ಷೆಗೆ, ಅಂದರೆ ಉಪಗ್ರಹ ತನ್ನ ಕೊನೆಯ ಭೂಸ್ಥಿರ ಕಕ್ಷೆಗೆ ಏರುವ ಮುನ್ನ ಅದನ್ನು ಬಿಡುವ ನಡುವಿನ ಕಕ್ಷೆಗೆ, ಸುಮಾರು 8.3 ಟನ್ ಒಯ್ಯಬಲ್ಲದು. ಸಮುದ್ರದ ಹಡಗಿನ ಮೇಲೆ ಇಳಿಸಿಕೊಳ್ಳುವುದಾದರೆ ಅದು ಸುಮಾರು 5.5 ಟನ್ನಿಗೆ ಇಳಿಯುತ್ತದೆ. ಭಾರದ ಉಪಗ್ರಹವನ್ನು ಇಂತಹ ರಾಕೆಟ್ಟಿನಲ್ಲಿ ಕಳುಹಿಸುವಾಗ ತುಸು ಕೆಳಗಿನ ವರ್ಗಾವಣೆ ಕಕ್ಷೆಗೆ ಒಪ್ಪಿಕೊಂಡು, ಉಳಿದ ಎತ್ತರವನ್ನು ಉಪಗ್ರಹವೇ ತನ್ನ ಇಂಧನದಿಂದ ಏರುವಂತೆ ಮಾಡುವುದುಂಟು. ಹಾಗೆ ಖರ್ಚಾಗುವ ಒಂದೊಂದು ಕಿಲೋ ಇಂಧನವೂ ಉಪಗ್ರಹದ ಆಯುಷ್ಯದಿಂದ ಕಳೆಯುವ ಲೆಕ್ಕವಾದ್ದರಿಂದ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಇದನ್ನು ಕೂತು ಲೆಕ್ಕ ಹಾಕಬೇಕು.

ಮರಳಿ ಬಂದ ಮಾತ್ರಕ್ಕೆ ಲಾಭವಾಗುತ್ತದೆ ಎಂದೇನೂ ಇಲ್ಲ. 1981ರ ಏಪ್ರಿಲ್‌ನಿಂದ 2011ರ ಜುಲೈವರೆಗೆ 135 ಬಾರಿ ಹಾರಿದ ಅಮೆರಿಕದ ಸ್ಪೇಸ್ ಶಟಲ್‌ನ ಘನ ಇಂಧನ ಬೂಸ್ಟರ್‌ಗಳು ಪ್ಯಾರಾಚೂಟಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತಿದ್ದವು. ಹಡಗುಗಳು ಅವನ್ನು ಎಳೆದು ತಂದು, ಉಪ್ಪುನೀರು ತೊಳೆದು, ಬಿಡಿಭಾಗಗಳಾಗಿ ಕಳಚಿ, ಇಂಧನದ ಕವಚಗಳನ್ನು ರೈಲಿನಲ್ಲಿ ಯೂಟಾ ರಾಜ್ಯಕ್ಕೆ ಕಳುಹಿಸಬೇಕಾಗಿತ್ತು. ಶಟಲ್ ನೌಕೆಯ ಮೈಮೇಲಿನ 20,000ಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳನ್ನು ಪ್ರತಿ ಹಾರಾಟದ ಬಳಿಕ ಪರಿಶೀಲಿಸುವುದೇ ದೊಡ್ಡ ಕೆಲಸವಾಗಿತ್ತು. ಒಂದೇ ನೌಕೆಯ ಎರಡು ಉಡಾವಣೆಗಳ ನಡುವಿನ ಅತಿ ಕಡಿಮೆ ಅಂತರ 54 ದಿನ. ಅದೂ 1985ರಲ್ಲಿ, ಒಮ್ಮೆ ಮಾತ್ರ.

ಆದರೆ ಶಟಲ್‌ನ ಬೂಸ್ಟರ್‌ಗಳು ಮರಳಿ ಬಂದದ್ದರಿಂದ ಇನ್ನೊಂದು ಬೆಲೆಬಾಳುವ ವಸ್ತು ಕೈಗೆ ಸಿಕ್ಕಿತ್ತು. ಕವಚಗಳ ಕೀಲುಗಳನ್ನು ಬಿಚ್ಚಿ ನೋಡಿದಾಗ, ಬಿಸಿ ಅನಿಲ ಹೊರನುಗ್ಗದಂತೆ ತಡೆಯಬೇಕಾದ ರಬ್ಬರ್ ಬಳೆಗಳು ಸವೆದಿರುವುದು ಎರಡನೆಯ ಹಾರಾಟದಲ್ಲೇ, ಅಂದರೆ 1981ರ ನವೆಂಬರ್‌ನಲ್ಲೇ ಕಾಣಿಸಿತ್ತು. 1985ರ ಜನವರಿಯ ಚಳಿಯಲ್ಲಿ ಹಾರಿಬಂದ ಬೂಸ್ಟರಿನಲ್ಲಂತೂ ಮೊದಲ ಬಳೆಯನ್ನು ದಾಟಿದ ಅನಿಲದ ಮಸಿ ಎರಡು ಬಳೆಗಳ ನಡುವಿನ ಗ್ರೀಸಿನಲ್ಲಿ ಕಪ್ಪಾಗಿ ಸೇರಿಕೊಂಡಿತ್ತು. ಚಳಿಗೂ ಈ ಸೋರಿಕೆಗೂ ನಂಟಿದೆ ಎಂದು ಎಂಜಿನಿಯರುಗಳು ಎಚ್ಚರಿಸಿದ್ದರು. ಆದರೂ 1986ರ ಜನವರಿ 28ರ ಮತ್ತೊಂದು ಕೊರೆಯುವ ಬೆಳಿಗ್ಗೆ ಚಾಲೆಂಜರ್ ನೌಕೆಯನ್ನು ಹಾರಿಸಲಾಯಿತು, ಏಳು ಮಂದಿ ಪ್ರಾಣ ತೆತ್ತರು. ಸಾಕ್ಷ್ಯ ಸಮುದ್ರದಿಂದ ಎದ್ದು ಬಂದು ಮೇಜಿನ ಮೇಲೆ ಕೂತಿತ್ತು; ಅದನ್ನು ಓದಿದವರ ಮಾತಿಗೆ ಉಡಾವಣೆಯ ನಿರ್ಧಾರದಲ್ಲಿ ತೂಕ ಸಿಗಲಿಲ್ಲ. ಈ ಘಟನೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ವಿವರಿಸುವಾಗಲೆಲ್ಲ ಆ ಗ್ರೀಸಿನ ಬಣ್ಣದಿಂದಲೇ ಆರಂಭಿಸುತ್ತೇನೆ.

ಇಂದಿನ ದ್ರವ ಇಂಧನ ಬೂಸ್ಟರ್‌ಗಳ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ರ ಬೂಸ್ಟರ್ ಮೊದಲ ಬಾರಿ ನೆಲಕ್ಕಿಳಿಯಿತು. 2016ರ ಏಪ್ರಿಲ್‌ನಲ್ಲಿ ಹಡಗಿನ ಮೇಲೆ ಇಳಿದ ಬೂಸ್ಟರ್ ಮತ್ತೆ ಹಾರಿದ್ದು 2017ರ ಮಾರ್ಚ್ 30ರಂದು, ಹೆಚ್ಚುಕಡಿಮೆ ಒಂದು ವರ್ಷದ ತಪಾಸಣೆಯ ಬಳಿಕ. 2025ರ ಮಾರ್ಚ್ ಹೊತ್ತಿಗೆ ಒಂದೇ ಬೂಸ್ಟರಿನ ಎರಡು ಹಾರಾಟಗಳ ನಡುವಿನ ಅಂತರ ಒಂಬತ್ತು ದಿನಕ್ಕೆ ಇಳಿಯಿತು. ಅದೇ ವರ್ಷ ಇನ್ನೊಂದು ಬೂಸ್ಟರ್ ಮೂವತ್ತನೆಯ ಹಾರಾಟವನ್ನು ದಾಟಿತು. ಈ ವೇಗ ಬಂದದ್ದು ತಪಾಸಣೆಯನ್ನು ಕೈಬಿಟ್ಟದ್ದರಿಂದಲ್ಲ. ಮರಳಿ ಬಂದ ಬೂಸ್ಟರ್‌ಗಳನ್ನು ಬಿಚ್ಚಿ, ಎಂಜಿನಿಗೆ ಇಂಧನ ನೂಕುವ ಟರ್ಬೊಪಂಪಿನ ಚಕ್ರಗಳಲ್ಲಿ ಬಿರುಕು ಎಲ್ಲಿ ಮೂಡುತ್ತದೆ, ಬುಡದ ಶಾಖಕವಚ ಎಷ್ಟು ಸವೆಯುತ್ತದೆ, ಯಾವ ಕವಾಟ ಮೊದಲು ಸೋರುತ್ತದೆ ಎಂಬುದನ್ನು ಕಂಡುಕೊಂಡು, ವಿನ್ಯಾಸವನ್ನೇ ತಿದ್ದಿದ್ದರಿಂದ ಬಂದದ್ದು. ಸೀಮೆಎಣ್ಣೆ ಎಂಜಿನಿನೊಳಗೆ ಇಂಗಾಲದ ಕಿಟ್ಟ ಉಳಿಸುತ್ತದೆ. ರ‍್ಯಾಪ್ಟರ್, ಬಿಇ-4 ಮುಂತಾದ ಹೊಸ ಎಂಜಿನ್‌ಗಳಿಗೆ ಮೀಥೇನ್ ಆರಿಸಿಕೊಂಡದ್ದಕ್ಕೆ ಅದು ಶುಚಿಯಾಗಿ ಉರಿಯುತ್ತದೆ ಎಂಬುದೂ ಒಂದು ಕಾರಣ. 2021ರ ಏಪ್ರಿಲ್‌ನಲ್ಲಿ ನಾಸಾ ತನ್ನ ಗಗನಯಾನಿಗಳನ್ನೇ ಹಾರಿಬಂದ ಬೂಸ್ಟರಿನ ಮೇಲೆ ಕಳುಹಿಸಿತು.

ಈಗ ಮರಳಿ ಬಾರದ ಭಾಗಕ್ಕೆ ಬರೋಣ. 2024ರ ಜುಲೈನಲ್ಲಿ ಫಾಲ್ಕನ್ 9ರ ಒಂದು ಉಡಾವಣೆಯಲ್ಲಿ, ಹಲವು ಬಾರಿ ಹಾರಿದ್ದ ಬೂಸ್ಟರ್ ತನ್ನ ಕೆಲಸ ಮುಗಿಸಿ ಹಡಗಿನ ಮೇಲೆ ಕ್ಷೇಮವಾಗಿ ಇಳಿಯಿತು. ಕೈಕೊಟ್ಟದ್ದು ಹೊಸ ಎರಡನೆಯ ಹಂತ. ಒತ್ತಡ ಅಳೆಯುವ ಸಂವೇದಕಕ್ಕೆ ಹೋಗುವ ಸಣ್ಣ ಕೊಳವೆಯನ್ನು ಹಿಡಿದಿಡಬೇಕಾದ ಕ್ಲಾಂಪ್ ಸಡಿಲವಾಗಿ, ಎಂಜಿನ್ನಿನ ಕಂಪನಕ್ಕೆ ಕೊಳವೆ ಬಿರುಕುಬಿಟ್ಟು, ದ್ರವ ಆಮ್ಲಜನಕ ಸೋರಿತು. ಎಂಜಿನ್ ಎರಡನೆಯ ಬಾರಿ ಸರಿಯಾಗಿ ಉರಿಯಲಿಲ್ಲ; ಇಪ್ಪತ್ತು ಉಪಗ್ರಹಗಳು ತೀರಾ ಕೆಳಗಿನ ಕಕ್ಷೆಯಲ್ಲಿ ಸಿಲುಕಿ ನಾಶವಾದವು. ಮೇಲಿನ ಹಂತದ ಕ್ಲಾಂಪನ್ನು ಯಾರೂ ಕೈಯಲ್ಲಿ ಹಿಡಿದು ನೋಡುವಂತಿಲ್ಲ. ರೇಡಿಯೋದಲ್ಲಿ ಬಂದ ಅಂಕಿಗಳಿಂದ ಕಾರಣ ಊಹಿಸಬೇಕು. ಉಪಗ್ರಹದ ಸ್ಥಿತಿಯೂ ಇದೇ. ಅದು ಹಾರುವುದು ಒಂದೇ ಬಾರಿ, ಹೋದ ಮೇಲೆ ಸ್ಕ್ರೂಡ್ರೈವರ್ ಅದನ್ನು ತಲುಪುವುದಿಲ್ಲ. ಅದರ ಪ್ರಶ್ನೆಗಳೆಲ್ಲಕ್ಕೂ ನೆಲದ ಮೇಲೇ ಉತ್ತರ ಸಿಗಬೇಕು.

ಆ ಉತ್ತರ ಹುಡುಕುವ ಜಾಗ ಕಂಪನ ಪರೀಕ್ಷೆಯ ಮೇಜು. ರಾಕೆಟ್ಟಿನ ಅಲುಗಾಟ ಉಪಗ್ರಹವನ್ನು ತಲುಪುವಾಗ ಹೇಗಿರುತ್ತದೆ ಎಂಬುದನ್ನು ಎರಡರ ಗಣಿತ ಮಾದರಿಗಳನ್ನೂ ಜೋಡಿಸಿ ಮೊದಲೇ ಲೆಕ್ಕ ಹಾಕಿರುತ್ತೇವೆ. ಪೂರ್ಣ ಮಟ್ಟದ ಕಂಪನಕ್ಕೆ ಮೊದಲು ಉಪಗ್ರಹವನ್ನು ಅತಿ ಸಣ್ಣ ಮಟ್ಟದಲ್ಲಿ ಅಲುಗಿಸಿ, ಅದು ಯಾವ ಯಾವ ಆವರ್ತನಗಳಲ್ಲಿ ಅನುರಣಿಸುತ್ತದೆ, ಅಂದರೆ ಹೆಚ್ಚು ಜೋರಾಗಿ ಅಲುಗುತ್ತದೆ ಎಂದು ಒಂದು ಗೆರೆಯಾಗಿ ನಕ್ಷೆಯಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ಪೂರ್ಣ ಮಟ್ಟ ಮುಗಿದ ಬಳಿಕ ಅದೇ ಸಣ್ಣ ಅಲುಗಾಟವನ್ನು ಮತ್ತೆ ಕೊಟ್ಟು ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಎರಡೂ ಹೊಂದಿಕೊಂಡರೆ ಒಳಗಿನ ಜೋಡಣೆ ಕದಲಿಲ್ಲ ಎಂದರ್ಥ. ಒಂದು ಶಿಖರ ಕೆಳಗಿನ ಆವರ್ತನಕ್ಕೆ ಸರಿದಿದ್ದರೆ ಎಲ್ಲೋ ಒಂದು ಬಿಗಿ ಸಡಿಲಿದೆ ಅಥವಾ ಏನೋ ಬಿರುಕುಬಿಟ್ಟಿದೆ, ಆಗ ಉಪಗ್ರಹವನ್ನು ಬಿಚ್ಚದೆ ಬೇರೆ ದಾರಿಯಿಲ್ಲ. ವೈದ್ಯರು ಎದೆಬಡಿತ ಕೇಳಿದಂತೆ ನಾವು ಆ ಗೆರೆಗಳನ್ನು ನೋಡುತ್ತೇವೆ.

ಬೂಸ್ಟರ್‌ಗಳು ವಾರಗಳಲ್ಲಿ ಮರಳಿ ಸಿದ್ಧವಾಗತೊಡಗಿದ ಮೇಲೆ ನಮ್ಮ ಕೆಲಸದ ಕ್ಯಾಲೆಂಡರ್ ತಲೆಕೆಳಗಾಗಿದೆ. ಹಿಂದೆ ಉಪಗ್ರಹ ಸಿದ್ಧವಾಗಿ ರಾಕೆಟ್ಟಿಗಾಗಿ ಕಾಯುತ್ತಿತ್ತು, ಈಗ ರಾಕೆಟ್ ಸಿದ್ಧವಾಗಿ ಉಪಗ್ರಹಕ್ಕಾಗಿ ಕಾಯುವುದೇ ಹೆಚ್ಚು. ತಡವಾಗುತ್ತಿರುವುದು ನಮ್ಮಿಂದ ಎಂಬ ಒತ್ತಡ ತಂಡದ ಮೇಲೆ ಬಂದಾಗ ಯಾವುದನ್ನು ಬಿಡಬಹುದು ಎಂಬ ಮಾತು ಮೆಲ್ಲನೆ ಶುರುವಾಗುತ್ತದೆ. 2016ರ ಸೆಪ್ಟೆಂಬರ್ 1ರಂದು, ಎಂಜಿನ್‌ಗಳನ್ನು ವೇದಿಕೆಯ ಮೇಲೆ ಕಟ್ಟಿಹಾಕಿ ಉರಿಸುವ ಪರೀಕ್ಷೆಗೆ ಇಂಧನ ತುಂಬುತ್ತಿದ್ದಾಗ ಫಾಲ್ಕನ್ 9 ಸ್ಫೋಟಿಸಿತು. ಎರಡನೆಯ ಹಂತದ ಆಮ್ಲಜನಕ ಟ್ಯಾಂಕಿನೊಳಗಿದ್ದ ಹೀಲಿಯಂ ಸಿಲಿಂಡರ್ ಒಡೆದದ್ದು ಕಾರಣ. ಸಮಯ ಉಳಿಸಲೆಂದು ಎಮೋಸ್-6 ಉಪಗ್ರಹವನ್ನು ಪರೀಕ್ಷೆಗೆ ಮುನ್ನವೇ ಮೇಲೆ ಕೂರಿಸಿದ್ದರಿಂದ ಅದೂ ಸುಟ್ಟುಹೋಯಿತು. ಆ ಬಳಿಕ ಇಂತಹ ಪರೀಕ್ಷೆ ಮುಗಿದ ಮೇಲೆಯೇ ಉಪಗ್ರಹ ಕೂರಿಸುವ ಕ್ರಮವನ್ನು ಬಹುಪಾಲು ಒಡೆಯರು ಪಟ್ಟುಹಿಡಿದು ಕೇಳತೊಡಗಿದರು.

ನೆಲದ ಮೇಲಿನ ತಪ್ಪಿಗೆ ಸ್ಫೋಟವೂ ಬೇಕಾಗಿಲ್ಲ. 2003ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾದಲ್ಲಿ ಎನ್‌ಓಎಎ-ಎನ್ ಪ್ರೈಮ್ ಎಂಬ ಹವಾಮಾನ ಉಪಗ್ರಹವನ್ನು ತಿರುಗುಬಂಡಿಯ ಮೇಲೆ ಅಡ್ಡ ಮಾಡುತ್ತಿದ್ದಾಗ ಅದು ಜಾರಿ ನೆಲಕ್ಕೆ ಬಿತ್ತು. ಬಂಡಿಯ ತಟ್ಟೆಯನ್ನು ಹಿಡಿದಿಡಬೇಕಾದ 24 ಬೋಲ್ಟ್‌ಗಳನ್ನು ಇನ್ನೊಂದು ತಂಡ ತೆಗೆದುಕೊಂಡಿತ್ತು. ಅವು ಇವೆಯೇ ಎಂದು ನೋಡುವ ಸಾಲು ಕಾರ್ಯವಿಧಾನದಲ್ಲಿ ಇದ್ದರೂ ಯಾರೂ ಕಣ್ಣಾರೆ ನೋಡಿರಲಿಲ್ಲ. ಆ ಉಪಗ್ರಹ ದುರಸ್ತಿಯಾಗಿ ಹಾರಿದ್ದು 2009ರ ಫೆಬ್ರವರಿಯಲ್ಲಿ.

ನಮ್ಮ ತಂಡಕ್ಕೂ ಇಂತಹ ಒಂದು ಸಂಜೆ ಬಂದಿತ್ತು. ವಿಷಕಾರಿ ಹೈಡ್ರಜೀನ್ ಇಂಧನವನ್ನು ಉಸಿರಾಟದ ಗಾಳಿಯಿರುವ ಮುಚ್ಚಿದ ಉಡುಪು ತೊಟ್ಟವರು ತುಂಬಿ ಮುಗಿಸಿದ್ದರು. ಉಪಗ್ರಹದ ಸುತ್ತ ರಾಕೆಟ್ಟಿನ ಮೂತಿಯ ಕವಚವನ್ನು ಮುಚ್ಚುವುದಷ್ಟೇ ಬಾಕಿಯಿತ್ತು. ಅದಕ್ಕೆ ಮೊದಲು ಸಂವೇದಕಗಳು, ಕನೆಕ್ಟರುಗಳು, ಚಿಮ್ಮುಕಗಳ ಬಾಯಿ ಇವುಗಳಿಗೆ ಹಾಕಿದ, ಕೆಂಪು ಪಟ್ಟಿ ತೂಗುಬಿಟ್ಟ ರಕ್ಷಣಾ ಮುಚ್ಚಳಗಳನ್ನೆಲ್ಲ ತೆಗೆದು, ಸಂಖ್ಯೆ ಬರೆದ ತಟ್ಟೆಯ ಗುಳಿಗಳಲ್ಲಿ ಒಂದೊಂದಾಗಿ ಜೋಡಿಸಬೇಕು. ಪಟ್ಟಿಯಲ್ಲಿ ಎಲ್ಲ ಸಾಲುಗಳಿಗೂ ಗುರುತು ಬಿದ್ದಿತ್ತು, ಆದರೆ ತಟ್ಟೆಯಲ್ಲಿ ಒಂದು ಗುಳಿ ಖಾಲಿ. ಎಲ್ಲೋ ನೆಲದ ಮೇಲೆ ಬಿದ್ದಿರುತ್ತದೆ, ಮುಂದುವರಿಯೋಣ ಎಂಬ ಸಲಹೆ ಹಿರಿಯರೊಬ್ಬರಿಂದಲೇ ಬಂತು. ಪಟ್ಟಿ ಓದುತ್ತಿದ್ದ ಕಿರಿಯ ತಂತ್ರಜ್ಞೆ ಸಹಿ ಹಾಕಲು ಒಪ್ಪಲಿಲ್ಲ. “ತಟ್ಟೆ ತುಂಬಲಿ, ಆಮೇಲೆ ಹಾಕುತ್ತೇನೆ ಸರ್,” ಎಂದಷ್ಟೇ ಹೇಳಿ ಲೇಖನಿಯನ್ನು ಮೇಜಿನ ಮೇಲಿಟ್ಟರು. ಟಾರ್ಚ್ ಹಿಡಿದು ಸುಮಾರು ಮೂರು ಗಂಟೆ ಹುಡುಕಿದೆವು. ಮುಚ್ಚಳ ನೆಲದ ಮೇಲೆ ಇರಲಿಲ್ಲ, ಉಪಗ್ರಹದ ಮೇಲೇ ಇತ್ತು. ಅದರ ಕೆಂಪು ಪಟ್ಟಿ ಯಾವಾಗಲೋ ಹರಿದುಹೋಗಿ, ಚಿಮ್ಮುಕದ ಬಾಯಿಗೆ ಅಂಟಿಕೊಂಡಿದ್ದ ಆ ಪುಟ್ಟ ಮುಚ್ಚಳ ಹೊಂಬಣ್ಣದ ಉಷ್ಣ ಹೊದಿಕೆಯ ಮಡಿಕೆಯಲ್ಲಿ ಅಡಗಿತ್ತು. ಪಟ್ಟಿ ಕಾಣದಿದ್ದುದರಿಂದ ಮುಚ್ಚಳವನ್ನು ತೆಗೆದಾಗಿದೆ ಎಂದು ಮೊದಲ ಸುತ್ತಿನಲ್ಲಿ ಗುರುತು ಹಾಕಲಾಗಿತ್ತು. ಅದನ್ನು ಕಿತ್ತು ಗುಳಿಯಲ್ಲಿ ಇಟ್ಟಾಗ ಮಧ್ಯರಾತ್ರಿ ದಾಟಿತ್ತು. ಕವಚವನ್ನು ಮರುದಿನ ಬೆಳಿಗ್ಗೆ, ಎಲ್ಲ ಸಾಲುಗಳನ್ನೂ ಮೊದಲಿನಿಂದ ಮತ್ತೊಮ್ಮೆ ಓದಿ ಮುಚ್ಚಿದೆವು.